ಪ್ರಾಗ್‌ಗೆ ನಾಲ್ಕು ದಿನ ಕೊಡಿ: ಬೆಂಗಳೂರಿನಿಂದ ಹೊರಡುವವರಿಗೆ ಒಂದು ಯೋಜನೆ

ನಮ್ಮ ಕಡೆಯಿಂದ ಹೊರಡುವ ಹೆಚ್ಚಿನ ಯೂರೋಪ್ ಪ್ಯಾಕೇಜ್‌ಗಳು ಪ್ರಾಗ್ ನಗರಕ್ಕೆ ಒಂದು ಮಧ್ಯಾಹ್ನ ಕೊಡುತ್ತವೆ. ಬಸ್ಸಿನಿಂದ ಇಳಿಸಿ, ಗಡಿಯಾರದ ಕೆಳಗೆ ನಿಲ್ಲಿಸಿ, ಸೇತುವೆ ದಾಟಿಸಿ, ಸಂಜೆಯೊಳಗೆ ವಿಯೆನ್ನಾ ದಾರಿ ಹಿಡಿಸುತ್ತವೆ. ಆ ಊರಿಗೆ ಇದು ಅನ್ಯಾಯ, ಲಕ್ಷಗಟ್ಟಲೆ ಹಣ ಕಟ್ಟಿ ಹೋದವರಿಗೆ ಇನ್ನೂ ದೊಡ್ಡ ಅನ್ಯಾಯ. ಎರಡನೆಯ ಮಹಾಯುದ್ಧದಲ್ಲಿ ವಾರ್ಸಾ, ಬರ್ಲಿನ್‌ಗಳಂತೆ ನೆಲಸಮವಾಗದೆ ಉಳಿದ, ಚೆಕ್ ಗಣರಾಜ್ಯದ ರಾಜಧಾನಿ ಇದು. ಹನ್ನೆರಡನೆಯ ಶತಮಾನದ ನೆಲಮಾಳಿಗೆ, ಹದಿನಾಲ್ಕರ ಗಾಥಿಕ್ ಗೋಪುರ, ಹದಿನೆಂಟರ ಬರೋಕ್ ಅರಮನೆ ಹತ್ತು ನಿಮಿಷದ ನಡಿಗೆಯಲ್ಲಿ ಒಟ್ಟಿಗೆ ಸಿಗುತ್ತವೆ. ನಗರದ ಐತಿಹಾಸಿಕ ಭಾಗ 1992ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಈ ಊರನ್ನು ಚೆನ್ನಾಗಿ ನೋಡಲು ಜಾಗಗಳ ಉದ್ದ ಪಟ್ಟಿಗಿಂತ ವಾರದ ಲೆಕ್ಕ ಮತ್ತು ಗಂಟೆಯ ಲೆಕ್ಕ ಮುಖ್ಯ. ಯಾವ ಜಾಗ ಯಾವ ವಾರ ಮುಚ್ಚಿರುತ್ತದೆ, ಯಾವುದನ್ನು ಬೆಳಗಿನ ಆರಕ್ಕೆ ನೋಡಬೇಕು, ಯಾವುದನ್ನು ಸಂಜೆ ಆರರ ನಂತರ ನೋಡಬೇಕು ಎಂಬುದನ್ನು ಮನೆಯಲ್ಲೇ ಕೂತು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಐದು ರಾತ್ರಿ, ನಾಲ್ಕು ಪೂರ್ತಿ ಹಗಲು ಸಿಗುವಂತೆ ಯೋಜಿಸಿ. ಅಷ್ಟೇ ರಜೆಯಲ್ಲಿ ವಿಯೆನ್ನಾ, ಬುಡಾಪೆಸ್ಟ್‌ಗಳನ್ನೂ ತುರುಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ತಿಂಗಳು

ಮೇ ಮತ್ತು ಸೆಪ್ಟೆಂಬರ್ ಉತ್ತಮ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಆದರೆ ಜುಲೈ, ಆಗಸ್ಟ್ ಕಳೆಯುವವರೆಗೂ ಜನಸಂದಣಿ ಹೆಚ್ಚು. ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆಗಳು ಸೊಗಸಾಗಿರುತ್ತವೆ ನಿಜ. ಆದರೆ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ, ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರು ಡಿಸೆಂಬರ್ ಬಿಟ್ಟು ಸೆಪ್ಟೆಂಬರ್ ಆರಿಸಿಕೊಳ್ಳಿ. ಸಂಗೀತ ಪ್ರಿಯರಿಗೆ ಮೇ ತಿಂಗಳು: ಸಂಗೀತಕಾರ ಸ್ಮೆತಾನಾ ತೀರಿಕೊಂಡ ದಿನವಾದ ಮೇ 12ರಂದು 'ಪ್ರಾಗ್ ಸ್ಪ್ರಿಂಗ್' ಉತ್ಸವ ಶುರುವಾಗುತ್ತದೆ. ಆಗ ಹೋಟೆಲ್ ದರವೂ ಏರುವುದರಿಂದ ತಿಂಗಳುಗಳ ಮುಂಚೆಯೇ ಕೋಣೆ ಕಾಯ್ದಿರಿಸಬೇಕು.

ವೀಸಾ

ಚೆಕ್ ಗಣರಾಜ್ಯ 2007ರ ಡಿಸೆಂಬರ್‌ನಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪ್ ದೇಶಗಳ ಗುಂಪಿನಲ್ಲಿ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನದೊಳಗೆ ಬಂದರೆ ತಡವಾಯಿತು. ಬೇಸಿಗೆ ರಜೆಗೆ ಮುಂಚೆ ಅರ್ಜಿ ಕೇಂದ್ರಗಳಲ್ಲಿ ದಿನಾಂಕ ಸಿಗುವುದೇ ಕಷ್ಟ, ಹಾಗಾಗಿ ಮೂರು ತಿಂಗಳ ಅಂತರ ಇಟ್ಟುಕೊಳ್ಳಿ.

ಒಂದಕ್ಕಿಂತ ಹೆಚ್ಚು ದೇಶ ನೋಡುವವರು ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮ ರಾತ್ರಿಗಳಾದರೆ ಮೊದಲು ಕಾಲಿಡುವ ದೇಶಕ್ಕೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ನೀಡಿದ್ದಾಗಿರಬೇಕು, ವಾಪಸಾಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಲಿ. ಕಾಯ್ದಿರಿಸಿದ ಹೋಟೆಲ್, ವಿಮಾನ, ವಿಮೆ ಮೂರರಲ್ಲೂ ದಿನಾಂಕಗಳು ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿ ಕೊಡುವ ಮುನ್ನ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ನೋಡಿ.

ವಾರದ ಲೆಕ್ಕ

ವಿಮಾನ ಕಾಯ್ದಿರಿಸುವ ಮುಂಚೆಯೇ ಮಾಡಬೇಕಾದ ಕೆಲಸ ಇದು. ಯೆಹೂದಿ ವಸ್ತುಸಂಗ್ರಹಾಲಯದ ತಾಣಗಳು ಶನಿವಾರ ಮತ್ತು ಯೆಹೂದಿ ಹಬ್ಬಗಳಂದು ಮುಚ್ಚಿರುತ್ತವೆ. ಕೋಟೆಯ ಕೆಥೆಡ್ರಲ್‌ನಲ್ಲಿ ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದಿಂದ. ಊರಾಚೆಯ ಕೋಟೆಗಳೂ ಅನೇಕ ಸಂಗ್ರಹಾಲಯಗಳೂ ಸೋಮವಾರ ರಜೆ. ಈ ಮೂರು ಸಂಗತಿ ತಿಳಿಯದೆ ಶನಿವಾರದಿಂದ ಸೋಮವಾರದವರೆಗೆ ಹೋದವರಿಗೆ ಎಷ್ಟೋ ಬಾಗಿಲುಗಳು ಮುಚ್ಚಿ ಸಿಗುತ್ತವೆ. ಸೋಮವಾರ ತಲುಪಿ ಶನಿವಾರ ಹೊರಡುವುದು ಒಳ್ಳೆಯ ಏರ್ಪಾಡು: ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನವೂ ಎಲ್ಲ ತೆರೆದಿರುತ್ತದೆ. ಅಕ್ಟೋಬರ್ 28 ಅವರ ರಾಷ್ಟ್ರೀಯ ದಿನ. 1918ರಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿದ್ದು ಅಂದೇ. ಆ ದಿನ ದೊಡ್ಡ ಅಂಗಡಿಗಳು ತೆರೆಯುವುದಿಲ್ಲ.

ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್ ಮೂಲಕ ಹೋಗಬಹುದು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ನಡೆಯುತ್ತದೆ, ಆದ್ದರಿಂದ ಎರಡು ವಿಮಾನಗಳ ನಡುವೆ ಎರಡೂವರೆ ಗಂಟೆಯಾದರೂ ಇರಲಿ.

ಎಲ್ಲಿ ತಂಗುವುದು

ವಲ್ತಾವಾ ನದಿ ಊರನ್ನು ಎರಡು ಮಾಡಿದೆ. ಪಶ್ಚಿಮ ದಡದ ಗುಡ್ಡದ ಮೇಲೆ ಕೋಟೆ, ಅದರ ಬುಡದಲ್ಲಿ ಮಾಲಾ ಸ್ತ್ರಾನಾ ಬಡಾವಣೆ. ಪೂರ್ವ ದಡದಲ್ಲಿ ಹಳೆಪೇಟೆ, ಯೆಹೂದಿ ಕೇರಿ ಯೋಸೆಫೊವ್, ಮತ್ತು 1348ರಲ್ಲಿ ದೊರೆ ನಾಲ್ಕನೇ ಚಾರ್ಲ್ಸ್ ಕಟ್ಟಿಸಿದ ಹೊಸಪೇಟೆ. ಆರುನೂರೈವತ್ತು ವರ್ಷ ದಾಟಿದ ಮೇಲೂ ಅದರ ಹೆಸರು ಹೊಸಪೇಟೆಯೇ!

ಹಳೆಪೇಟೆಯ ಚೌಕದ ಪಕ್ಕದಲ್ಲೇ ತಂಗಲು ಎಲ್ಲರಿಗೂ ಆಸೆ. ಅಲ್ಲಿ ದರವೂ ಹೆಚ್ಚು, ರಾತ್ರಿ ಕುಡಿದವರ ಗದ್ದಲವೂ ಹೆಚ್ಚು. ನನ್ನ ಸಲಹೆ ವಿನೊಹ್ರಾದಿ ಬಡಾವಣೆ. ಮರಗಳ ಸಾಲು, ಬೇಕರಿ, ದಿನಸಿ ಅಂಗಡಿ, ಮೆಟ್ರೊದಲ್ಲಿ ಕೆಲವೇ ನಿಮಿಷಕ್ಕೆ ಊರ ನಡು. ಅಲ್ಲಿನ ನಾಮ್ಯೆಸ್ತಿ ಮೀರು ನಿಲ್ದಾಣದ 87 ಮೀಟರ್ ಉದ್ದದ ಎಸ್ಕಲೇಟರ್ ಏರುವುದು ಮಕ್ಕಳಿಗೆ ಒಂದು ಆಟವೇ. ಕೋಣೆ ಕಾಯ್ದಿರಿಸುವಾಗ ಲಿಫ್ಟ್ ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ. ಹಳೆಯ ಕಟ್ಟಡಗಳಲ್ಲಿ ನಾಲ್ಕು ಮಹಡಿ ಪೆಟ್ಟಿಗೆ ಹೊರುವುದು ಹಿರಿಯರ ಕೈಲಾಗುವ ಮಾತಲ್ಲ.

ಹಣ

ಇಲ್ಲಿ ಯೂರೋ ಅಧಿಕೃತ ನಾಣ್ಯವಲ್ಲ. ನಡೆಯುವುದು ಚೆಕ್ ಕೊರುನಾ, ಒಂದಕ್ಕೆ ಹೆಚ್ಚುಕಡಿಮೆ ನಾಲ್ಕು ರೂಪಾಯಿ. ಯೂರೋ ತೆಗೆದುಕೊಳ್ಳುವ ಅಂಗಡಿಗಳು ತಮಗೆ ಅನುಕೂಲವಾದ ದರ ಹಾಕುತ್ತವೆ. ನಿಮ್ಮ ಫಾರೆಕ್ಸ್ ಕಾರ್ಡಿನಲ್ಲಿ ಕೊರುನಾ ತುಂಬಿಸಲು ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬಾರದಿದ್ದರೆ ಯೂರೋ ಅಥವಾ ಡಾಲರ್‌ನಿಂದ ಕೊರುನಾಕ್ಕೆ ಬದಲಿಸುವಾಗ ಎಷ್ಟು ಶುಲ್ಕ ಎಂದು ಕೇಳಿ, ನಿಮ್ಮ ಕ್ರೆಡಿಟ್ ಕಾರ್ಡಿನ ಶುಲ್ಕದೊಂದಿಗೆ ಹೋಲಿಸಿ. ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ಹೊರಡುವ ಮುಂಚೆ ಆ್ಯಪ್‌ನಲ್ಲಿ ತೆರೆದಿಟ್ಟುಕೊಳ್ಳಬೇಕು.

ನಗದು ಬೇಕಾದಾಗ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂನಿಂದಲೇ ತೆಗೆಯಿರಿ. ಪ್ರವಾಸಿ ಬೀದಿಗಳಲ್ಲಿ ಒಂಟಿಯಾಗಿ ನಿಂತ ಯಂತ್ರಗಳಿಗೆ ಕೈಹಾಕಬೇಡಿ. ಪರದೆಯ ಮೇಲೆ "ರೂಪಾಯಿಯಲ್ಲಿ ಪಾವತಿಸುವಿರಾ, ಕೊರುನಾದಲ್ಲಿಯೇ?" ಎಂಬ ಪ್ರಶ್ನೆ ಬಂದರೆ ಯಾವಾಗಲೂ ಕೊರುನಾ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಯಂತ್ರದವರು ನಿರ್ಧರಿಸುತ್ತಾರೆ. ನೋಟು ಬದಲಿಸುವ ಅಂಗಡಿಯಲ್ಲಿ ದರ ಮೋಸವೆನಿಸಿದರೆ ಒಂದು ಉಪಾಯ ಉಂಟು. ಚೆಕ್ ಕಾನೂನಿನ ಪ್ರಕಾರ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದುಪಡಿಸಬಹುದು. ರಸೀದಿ ಜೋಪಾನ.

ಓಡಾಟ

ವಿಮಾನ ನಿಲ್ದಾಣದಿಂದ 59ನೇ ಸಂಖ್ಯೆಯ ಟ್ರಾಲಿಬಸ್ ಹತ್ತಿದರೆ ನಾದ್ರಾಜಿ ವೆಲೆಸ್ಲಾವಿನ್ ಮೆಟ್ರೊ ನಿಲ್ದಾಣ ಬರುತ್ತದೆ. ಅಲ್ಲಿಂದ ಹಸಿರು ಬಣ್ಣದ 'ಎ' ಮಾರ್ಗ ಊರ ನಡುವಿಗೂ ವಿನೊಹ್ರಾದಿಗೂ ಒಯ್ಯುತ್ತದೆ. ಒಂದೇ ಟಿಕೆಟ್ ಬಸ್, ಟ್ರಾಮ್, ಮೆಟ್ರೊ ಎಲ್ಲಕ್ಕೂ ನಡೆಯುತ್ತದೆ. ನಾಲ್ಕು ದಿನ ಇರುವವರಿಗೆ 72 ಗಂಟೆಯ ಟಿಕೆಟ್ ಜೊತೆಗೆ ಒಂದು 24 ಗಂಟೆಯದು ಸಾಕು. ಕಾಗದದ ಟಿಕೆಟ್ ಕೊಂಡರೆ ಸಾಲದು, ಮೊದಲ ಪ್ರಯಾಣದಲ್ಲೇ ಹಳದಿ ಪೆಟ್ಟಿಗೆಗೆ ತೂರಿಸಿ ಸಮಯದ ಮುದ್ರೆ ಒತ್ತಿಸಬೇಕು. ಮೆಟ್ರೊದಲ್ಲಿ ತಡೆಗೇಟುಗಳಿಲ್ಲ, ಆದರೆ ತಪಾಸಣೆಯವರು ಇದ್ದಾರೆ. ಮುದ್ರೆಯಿಲ್ಲದ ಟಿಕೆಟ್‌ಗೂ ದಂಡ ತೆರಬೇಕು.

ಇನ್ನು ಪಾದರಕ್ಷೆ. ಹಳೆಯ ಊರಿಡೀ ಸಣ್ಣ ಚೌಕ ಕಲ್ಲುಗಳ ಹಾಸು. ತೆಳು ಚಪ್ಪಲಿಯಲ್ಲಿ ಎರಡನೇ ದಿನವೇ ಪಾದ ನೋಯುತ್ತದೆ. ದಪ್ಪ ಅಡಿಯ, ಈಗಾಗಲೇ ಹಾಕಿ ಪಳಗಿಸಿದ ಬೂಟು ಒಯ್ಯಿರಿ. ಬೂಟಿನ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮೂರಿನದೇ ಎಂದು ನಾವು ತಿಳಿದಿರುವ ಬಾಟಾ 1894ರಲ್ಲಿ ಹುಟ್ಟಿದ್ದು ಇದೇ ದೇಶದ ಜ್ಲೀನ್ ಪಟ್ಟಣದಲ್ಲಿ. ವೆನ್ಸೆಸ್ಲಾಸ್ ಚೌಕದಲ್ಲಿ ಆ ಕಂಪನಿ 1920ರ ದಶಕದ ಕೊನೆಗೆ ಕಟ್ಟಿಸಿದ ಗಾಜಿನ ಮುಂಭಾಗದ ಮಳಿಗೆ ಆಧುನಿಕ ವಾಸ್ತುಶಿಲ್ಪದ ಒಳ್ಳೆಯ ಮಾದರಿ.

ಮೊದಲ ದಿನ: ಸೇತುವೆ ಮತ್ತು ಹಳೆಪೇಟೆ

ಬೇಸಿಗೆಯಲ್ಲಿ ಪ್ರಾಗ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮೊದಲ ಬೆಳಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ. ಹೊರಳಾಡುತ್ತ ಮಲಗಿರಬೇಡಿ. ಎದ್ದು ಸೂರ್ಯೋದಯಕ್ಕೆ ಸರಿಯಾಗಿ ಚಾರ್ಲ್ಸ್ ಸೇತುವೆಗೆ ಹೋಗಿ. ಹತ್ತು ಗಂಟೆಯ ಮೇಲೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆರು ಗಂಟೆಗೆ ನೀವು, ಒಂದಿಬ್ಬರು ಛಾಯಾಗ್ರಾಹಕರು, ನದಿಯ ಹಂಸಗಳು, ಅಷ್ಟೇ.

1357ರಲ್ಲಿ ಅಡಿಗಲ್ಲು ಹಾಕಿದ ಈ ಸೇತುವೆ 1841ರವರೆಗೆ ಪ್ರಾಗ್‌ನಲ್ಲಿ ನದಿ ದಾಟಲು ಇದ್ದ ಒಂದೇ ಸೇತುವೆಯಾಗಿತ್ತು. ಉದ್ದ ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಇಕ್ಕೆಲದಲ್ಲಿ ಮೂವತ್ತು ಶಿಲ್ಪಗಳು. ಜನ ಕೈ ಸವರಿ ಹೊಳಪಾದ ಕಂಚಿನ ಫಲಕ ಕಂಡರೆ ಅದು ನೆಪೊಮುಕ್‌ನ ಸಂತ ಜಾನ್‌ನದು. 1393ರಲ್ಲಿ ದೊರೆಯ ಆಜ್ಞೆಯಂತೆ ನದಿಗೆ ಎಸೆಯಲ್ಪಟ್ಟ ಪಾದ್ರಿ ಆತ. ಆತನ ವಿಗ್ರಹ 1683ರದು, ಸೇತುವೆಯ ಮೇಲಿರುವ ಸಂತರ ಸಾಲು ಶುರುವಾದದ್ದು ಅಲ್ಲಿಂದ. ಈಗ ನಿಂತಿರುವ ಅನೇಕ ಕಲ್ಲಿನ ಶಿಲ್ಪಗಳು ಪ್ರತಿಕೃತಿಗಳು, ಮಳೆ ಮತ್ತು ಹೊಗೆಯಿಂದ ಕಾಪಾಡಲು ಮೂಲಗಳನ್ನು ಒಳಗೆ ಇಟ್ಟಿದ್ದಾರೆ.

ತಿಂಡಿಯ ನಂತರ ಹಳೆಪೇಟೆಯ ಚೌಕ. 1410ರ ಖಗೋಳ ಗಡಿಯಾರದ ಮುಂದೆ ಪ್ರತಿ ಗಂಟೆಗೆ ಜನ ಸೇರುತ್ತಾರೆ, ಯೇಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಕಿಟಕಿಯಲ್ಲಿ ಸರಿದುಹೋಗುತ್ತವೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ. ಒಂದು ನಿಮಿಷವೂ ಇರದ ಈ ಆಟಕ್ಕಿಂತ ಅದರ ಮುಖಫಲಕ ದೊಡ್ಡ ಅಚ್ಚರಿ. ಸೂರ್ಯ ಚಂದ್ರರ ಸ್ಥಾನ, ರಾಶಿಚಕ್ರ, ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹೀಮಿಯನ್ (ಚೆಕ್) ಗಂಟೆ, ಎಲ್ಲವನ್ನೂ ಅದು ಒಟ್ಟಿಗೆ ತೋರಿಸುತ್ತದೆ. ಗಂಟೆ ಹೊಡೆದು ಜನ ಚದುರಿದ ಮೇಲೆ ಐದು ನಿಮಿಷ ನಿಂತು ಓದಿ. ಪಂಚಾಂಗ ನೋಡಿ ಬೆಳೆದವರಿಗೆ ಆ ಚಕ್ರಗಳು ಬೇಗ ಅರ್ಥವಾಗುತ್ತವೆ. ಪಕ್ಕದ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ: 1621ರ ಜೂನ್ 21ರಂದು ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ಎದ್ದವರಲ್ಲಿ 27 ಮಂದಿಯನ್ನು ಇಲ್ಲಿ ಕೊಂದರು. ಅವುಗಳ ಮೇಲೆ ನಡೆದುಹೋಗುವವರಿಗೆ ಹೆಚ್ಚಾಗಿ ಅದು ಗೊತ್ತಿರುವುದಿಲ್ಲ.

ಮಧ್ಯಾಹ್ನ ಹಳೆಯ ಜೆಸ್ವಿಟ್ ವಿದ್ಯಾಲಯವಾದ ಕ್ಲೆಮೆಂಟಿನುಮ್‌ಗೆ ಹೋಗಿ. ಮಾರ್ಗದರ್ಶಿಯ ಜೊತೆಗೇ ಬಿಡುವುದರಿಂದ ಸಮಯ ಕಾಯ್ದಿರಿಸಬೇಕು. ಬರೋಕ್ ಗ್ರಂಥಾಲಯ ಕಂಡು ಗೋಪುರ ಹತ್ತಬಹುದು. 1775ರಿಂದ ಇಲ್ಲಿ ದಿನವೂ ಹವಾಮಾನ ದಾಖಲಿಸುತ್ತ ಬಂದಿದ್ದಾರೆ. ಸಂಜೆ ಬೇಗ ಮಲಗಿ.

ಎರಡನೇ ದಿನ: ಕೋಟೆ

ಎಲ್ಲರೂ ಸೇತುವೆ ದಾಟಿ ಗುಡ್ಡ ಹತ್ತುತ್ತಾರೆ. ನೀವು ಉಲ್ಟಾ ಮಾಡಿ. 22ನೇ ಸಂಖ್ಯೆಯ ಟ್ರಾಮ್‌ನಲ್ಲಿ ಪೊಹೊರೆಲೆತ್ಸ್ ನಿಲ್ದಾಣದವರೆಗೆ ಹೋಗಿ ಇಳಿಯಿರಿ. ಅಲ್ಲಿಂದ ದಿನವಿಡೀ ಇಳಿಜಾರು, ಮಂಡಿನೋವಿನವರಿಗೂ ನೆಮ್ಮದಿ. ಮೊದಲು ಸ್ತ್ರಾಹೊವ್ ಮಠದ ಗ್ರಂಥಾಲಯ. ಎರಡು ಚಿತ್ರಿತ ಸಭಾಂಗಣಗಳನ್ನು ಬಾಗಿಲಲ್ಲಿ ನಿಂತೇ ನೋಡಬೇಕು, ಆದರೂ ಟಿಕೆಟ್ ಹಣಕ್ಕೆ ಮೋಸವಿಲ್ಲ. ಆಮೇಲೆ ಕೋಟೆ.

ಒಂಬತ್ತನೇ ಶತಮಾನದಲ್ಲಿ ಶುರುವಾದ ಈ ಕೋಟೆ ಒಂದು ಕಟ್ಟಡವಲ್ಲ, 570 ಮೀಟರ್ ಉದ್ದದ ಒಂದು ಪುಟ್ಟ ಊರು. ಅಂಗಳಗಳಿಗೆ ಟಿಕೆಟ್ ಬೇಕಿಲ್ಲ, ಭದ್ರತಾ ತಪಾಸಣೆ ಇರಬಹುದು. ಒಳಗಿನ ಕಟ್ಟಡಗಳ ಟಿಕೆಟ್ ಎರಡು ದಿನ ನಡೆಯುತ್ತದೆ, ಆದ್ದರಿಂದ ಸುಸ್ತಾದರೆ ಉಳಿದದ್ದನ್ನು ಮರುದಿನ ನೋಡಬಹುದು. ಈ ಅನುಕೂಲವನ್ನು ಬಳಸಿಕೊಳ್ಳುವವರು ಕಡಿಮೆ.

ಸಂತ ವೀಟುಸ್ ಕೆಥೆಡ್ರಲ್‌ಗೆ ಒಂದು ಗಂಟೆಯಾದರೂ ಇಡಿ. 1344ರಲ್ಲಿ ಅಡಿಪಾಯ ಹಾಕಿದ್ದು ಮುಗಿದದ್ದು 1929ರಲ್ಲಿ. ಫ್ರಾನ್ಸಿನಿಂದ ಬಂದ ಮೊದಲ ಶಿಲ್ಪಿ ಮಥಿಯಾಸ್ ತೀರಿಕೊಂಡ ಮೇಲೆ ಪೀಟರ್ ಪಾರ್ಲರ್ ಎಂಬ ಯುವ ಶಿಲ್ಪಿ ಕೆಲಸ ಹಿಡಿದ. ಮೇಲ್ಛಾವಣಿಯ ಕಲ್ಲಿನ ಪಕ್ಕೆಗಳು ಬಲೆಯಂತೆ ಹೆಣೆದುಕೊಂಡಿರುವುದು ಅವನ ಕೈಚಳಕ. ಒಳಹೊಕ್ಕು ಎಡಬದಿಯಲ್ಲಿ ಚಿತ್ರಕಾರ ಆಲ್ಫೋನ್ಸ್ ಮುಖಾ ರೂಪಿಸಿದ ಬಣ್ಣದ ಗಾಜಿನ ಕಿಟಕಿ. ಬಲಬದಿಯಲ್ಲಿ ಸಂತ ವೆನ್ಸೆಸ್ಲಾಸ್‌ನ ಗುಡಿ, ಗೋಡೆಗೆಲ್ಲ ಅರೆಬೆಲೆಯ ರತ್ನಗಳು. ಬೊಹೀಮಿಯಾದ ಕಿರೀಟ ಇರುವ ಕೋಣೆಗೆ ದಾರಿ ಇಲ್ಲಿಂದಲೇ. ಅದರ ಬಾಗಿಲಿಗೆ ಏಳು ಬೀಗ, ಕೀಲಿಗಳು ಏಳು ಮಂದಿಯ ಬಳಿ. ದಕ್ಷಿಣ ಗೋಪುರಕ್ಕೆ 287 ಮೆಟ್ಟಿಲು, ಟಿಕೆಟ್ ಬೇರೆ. ಹೃದಯ, ಮಂಡಿ ಗಟ್ಟಿಯಿದ್ದವರು ಹತ್ತಲಿ, ಉಳಿದವರು ಹೊರಗೆ ನಿಂತು ಚಿನ್ನದ ಬಾಗಿಲಿನ ಮೇಲಿರುವ ಹದಿನಾಲ್ಕನೇ ಶತಮಾನದ ಮೊಸಾಯಿಕ್ ನೋಡಲಿ.

ಹಳೆಯ ಅರಮನೆಯ ವ್ಲಾದಿಸ್ಲಾವ್ ಸಭಾಂಗಣದಲ್ಲಿ ಕುದುರೆ ಏರಿದ ಯೋಧರ ಸ್ಪರ್ಧೆ ನಡೆಯುತ್ತಿತ್ತು, ಕುದುರೆ ಹತ್ತಿ ಬರಲೆಂದೇ ಅಗಲ ಮೆಟ್ಟಿಲಿದೆ. ಪಕ್ಕದ ಕಚೇರಿಯ ಕಿಟಕಿಯಿಂದ 1618ರಲ್ಲಿ ಚಕ್ರವರ್ತಿಯ ಅಧಿಕಾರಿಗಳನ್ನು ಕೆಳಗೆ ಎಸೆದರು. ಅವರು ಬದುಕಿ ಉಳಿದರು, ಆದರೆ ಮೂವತ್ತು ವರ್ಷಗಳ ಯುದ್ಧಕ್ಕೆ ಅದೇ ಕಿಡಿ. ಕೋಟೆಯೊಳಗಿನ ಪುಟ್ಟ ಬೀದಿ ಗೋಲ್ಡನ್ ಲೇನ್‌ನ 22ನೇ ಮನೆಯಲ್ಲಿ ಲೇಖಕ ಕಾಫ್ಕಾ 1916-17ರ ಚಳಿಗಾಲದಲ್ಲಿ ಕೂತು ಬರೆಯುತ್ತಿದ್ದ. ಆಮೇಲೆ ನೆರುದೋವಾ ಬೀದಿ ಹಿಡಿದು ಮಾಲಾ ಸ್ತ್ರಾನಾಕ್ಕೆ ಇಳಿಯಿರಿ. ಮನೆ ಸಂಖ್ಯೆ ಇಲ್ಲದ ಕಾಲದಲ್ಲಿ ಗುರುತಿಗಿದ್ದ ಮೂರು ಪಿಟೀಲು, ಎರಡು ಸೂರ್ಯರ ಕೆತ್ತನೆಗಳು ಬಾಗಿಲುಗಳ ಮೇಲೆ ಈಗಲೂ ಇವೆ.

ಮೂರನೇ ದಿನ: ಯೋಸೆಫೊವ್, ಸಂಗೀತ

ಯೆಹೂದಿ ಕೇರಿಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಮೊದಲು ಪಿಂಕಾಸ್ ಸಿನಗಾಗ್ (ಯೆಹೂದಿ ಪ್ರಾರ್ಥನಾ ಮಂದಿರ) ಒಳಹೊಕ್ಕಿ. ನಾಜಿಗಳು ಕೊಂದ ಬೊಹೀಮಿಯಾ, ಮೊರಾವಿಯಾದ ಸುಮಾರು 78,000 ಯೆಹೂದಿಗಳ ಹೆಸರುಗಳನ್ನು ಗೋಡೆಗಳ ತುಂಬ ಕೈಯಲ್ಲಿ ಬರೆದಿದ್ದಾರೆ. ಮಹಡಿಯಲ್ಲಿ ತೆರೆಜಿನ್ ಬಂಧನ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಜೊತೆಯಲ್ಲಿ ಸಣ್ಣ ಮಕ್ಕಳಿದ್ದರೆ ಏನು ನೋಡಲಿದ್ದೀರಿ ಎಂದು ಮುಂಚಿತವಾಗಿ ಸಮಾಧಾನದಿಂದ ಹೇಳಿ. ಇಲ್ಲಿ ಸೆಲ್ಫಿ ಬೇಡ.

ಹೊರಬಂದರೆ ಹಳೆಯ ಸ್ಮಶಾನ. ಶತಮಾನಗಟ್ಟಲೆ ಬೇರೆಡೆ ಹೂಳಲು ಅವಕಾಶ ಸಿಗದೆ ಗೋರಿಯ ಮೇಲೆ ಗೋರಿ ಕಟ್ಟಿದ್ದರಿಂದ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಆತು ನಿಂತಿವೆ. ಹತ್ತಿರದ ಹಳೆ-ಹೊಸ ಸಿನಗಾಗ್ ಹದಿಮೂರನೇ ಶತಮಾನದ್ದು, ಅಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. ಈ ತಾಣಗಳ ನಂತರ ಇನ್ನೊಂದು ಸಂಗ್ರಹಾಲಯಕ್ಕೆ ಓಡಬೇಡಿ. ನದಿಯ ದಂಡೆಯಲ್ಲಿ ಕೂರಿ, ಅಥವಾ ಲೆತ್ನಾ ಉದ್ಯಾನಕ್ಕೆ ಹತ್ತಿ ಸೇತುವೆಗಳ ಸಾಲು ನೋಡಿ.

ಮಧ್ಯಾಹ್ನ ವೆನ್ಸೆಸ್ಲಾಸ್ ಚೌಕದಲ್ಲಿ ನಡೆಯಬಹುದು. 1969ರ ಜನವರಿಯಲ್ಲಿ ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ಸೋವಿಯತ್ ಆಕ್ರಮಣದ ವಿರುದ್ಧ ಮೈಗೆ ಬೆಂಕಿ ಹಚ್ಚಿಕೊಂಡದ್ದು ಇಲ್ಲೇ, 1989ರ ನವೆಂಬರ್‌ನಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಲಕ್ಷಾಂತರ ಜನ ನೆರೆದದ್ದೂ ಇಲ್ಲೇ. ಸಂಜೆಗೆ ರುಡೊಲ್ಫಿನುಮ್‌ನ ಸಂಗೀತ ಕಛೇರಿ ಕಾಯ್ದಿರಿಸಿ. ಚೆಕ್ ಫಿಲ್ಹಾರ್ಮೊನಿಕ್ ವಾದ್ಯವೃಂದ 1896ರಲ್ಲಿ ಮೊದಲ ಬಾರಿ ಇಲ್ಲಿ ನುಡಿಸಿದಾಗ ನಡೆಸಿಕೊಟ್ಟವರು ಸಂಗೀತಕಾರ ದ್ವೋರಾಕ್. ಮೊತ್ಸಾರ್ಟ್‌ನ ಗೀತನಾಟಕ 'ದೋನ್ ಜೊವಾನ್ನಿ' 1787ರಲ್ಲಿ ಮೊದಲು ಪ್ರದರ್ಶನಗೊಂಡ ಎಸ್ಟೇಟ್ಸ್ ರಂಗಮಂದಿರವೂ ಈ ಊರಿನದೇ. ಬೀದಿಯಲ್ಲಿ ಕರಪತ್ರ ಹಿಡಿದು ಕರೆಯುವವರ ಬಳಿ ಕೊಳ್ಳುವ ಬದಲು ರಂಗಮಂದಿರದ ಜಾಲತಾಣದಿಂದಲೇ ಟಿಕೆಟ್ ತೆಗೆಯಿರಿ.

ನಾಲ್ಕನೇ ದಿನ: ಕುತ್ನಾ ಹೋರಾ ಅಥವಾ ವಿಶೆಹ್ರಾದ್

ಶಕ್ತಿ ಉಳಿದಿದ್ದರೆ ಮುಖ್ಯ ರೈಲು ನಿಲ್ದಾಣದಿಂದ ಸುಮಾರು ಒಂದು ಗಂಟೆಯ ದಾರಿಯ ಕುತ್ನಾ ಹೋರಾಕ್ಕೆ ಹೋಗಿ. ಬೆಳ್ಳಿ ಗಣಿಯಿಂದ ಸಿರಿವಂತವಾದ ಪಟ್ಟಣ, ಗಣಿಗಾರರ ರಕ್ಷಕಿ ಸಂತ ಬಾರ್ಬರಾಳ ಹೆಸರಿನ ಚರ್ಚು ಅಲ್ಲಿನ ಹೆಮ್ಮೆ. ಸೆದ್ಲೆತ್ಸ್‌ನಲ್ಲಿ ಸಾವಿರಾರು ಜನರ ಮೂಳೆಗಳಿಂದ ಅಲಂಕರಿಸಿದ ಗುಡಿ ಇದೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಟಿಕೆಟ್ ಗುಡಿಯ ಬಾಗಿಲಲ್ಲಿ ಸಿಗುವುದಿಲ್ಲ, ಸಮೀಪದ ಮಾಹಿತಿ ಕೇಂದ್ರದಲ್ಲಿ ಕೊಳ್ಳಬೇಕು.

ದಣಿದಿದ್ದರೆ ವಿಶೆಹ್ರಾದ್. ಮೆಟ್ರೊ ಇಳಿದು ನಡೆದರೆ ನದಿಯ ಮೇಲಿನ ಹಳೆಯ ಕೋಟೆ, ಹನ್ನೊಂದನೇ ಶತಮಾನದ ದುಂಡು ಗುಡಿ, ದ್ವೋರಾಕ್, ಸ್ಮೆತಾನಾ, ಮುಖಾ ಮಲಗಿರುವ ಸ್ಮಶಾನ, ಮರದ ನೆರಳು. ಉದ್ಯಾನಕ್ಕೂ ಸ್ಮಶಾನಕ್ಕೂ ಶುಲ್ಕವಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ವಿಶೆಹ್ರಾದ್ ಆರಿಸುತ್ತೇನೆ.

ಊಟ

ಚೆಕ್ ಅಡುಗೆ ಮಾಂಸಪ್ರಧಾನ. ಮಾಂಸ ತಿನ್ನುವವರಿಗೆ ಗುಲಾಶ್, ಸ್ವೀಚ್ಕೋವಾ ಇವೆ, ಎರಡೂ ಸಾಮಾನ್ಯವಾಗಿ ದನದ ಮಾಂಸದವು ಎಂಬುದು ನೆನಪಿರಲಿ. ಸಸ್ಯಾಹಾರಿಗಳು ಊಟದ ಪಟ್ಟಿಯಲ್ಲಿ 'ಬೆಜ್‌ಮಸಾ ಯೀದ್ಲಾ' ಎಂಬ ವಿಭಾಗ ಹುಡುಕಬೇಕು, ಅಂದರೆ ಮಾಂಸವಿಲ್ಲದ ತಿನಿಸುಗಳು. ಕರಿದ ಚೀಸ್, ಆಲೂಗಡ್ಡೆ ದೋಸೆಯಂತಿರುವ ಬ್ರಾಂಬೊರಾಕ್, ಹಣ್ಣು ತುಂಬಿದ ಕಡುಬಿನಂಥ ಕ್ನೆದ್ಲೀಕಿ ಸಿಗುತ್ತವೆ. ಇವುಗಳಲ್ಲಿ ಮೊಟ್ಟೆ ಇರುವುದೇ ಹೆಚ್ಚು. ತರಕಾರಿ ಸೂಪನ್ನೂ ಮಾಂಸದ ಸಾರಿನಲ್ಲಿ ಕುದಿಸಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಮೊಟ್ಟೆಯೂ ಬೇಡವೆನ್ನುವವರು ಅಡುಗೆಮನೆ ಇರುವ ಕೋಣೆ ಹಿಡಿಯುವುದೇ ಲೇಸು: ಅಕ್ಕಿ, ಮೊಸರು, ತರಕಾರಿ ಎಲ್ಲ ದಿನಸಿ ಅಂಗಡಿಯಲ್ಲೂ ಇದೆ. ಮನೆಯಿಂದ ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಒಯ್ಯಿರಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಯೂರೋಪ್ ಒಕ್ಕೂಟ ಬಿಡುವುದಿಲ್ಲ, ಆದ್ದರಿಂದ ತುಪ್ಪ, ಪನೀರ್ ಪೆಟ್ಟಿಗೆಗೆ ಹಾಕಬೇಡಿ. ಹಸಿ ಕರಿಬೇವೂ ಬೇಡ.

ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಸಿಗುವ ಮಧ್ಯಾಹ್ನದ ಊಟದ ಪಟ್ಟಿ ಅಗ್ಗ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಜೊತೆಗಿರಲಿ. ಅಂಗಡಿ ಹೊಕ್ಕಾಗ 'ದೋಬ್ರೀ ದೆನ್' ಎಂದು ವಂದಿಸಿ. ಮಾತಾಡಿಸದೆ ನೇರವಾಗಿ ಸಾಮಾನು ಕೇಳುವುದನ್ನು ಅವರು ಇಷ್ಟಪಡುವುದಿಲ್ಲ.

ಹೊರಡುವ ದಿನ

ದುಬೈ, ದೋಹಾ ಕಡೆಯ ವಿಮಾನಗಳು ಒಂದನೇ ಟರ್ಮಿನಲ್‌ನಿಂದ, ಫ್ರಾಂಕ್‌ಫರ್ಟ್ ಮುಂತಾದ ಷೆಂಗೆನ್ ಊರುಗಳ ವಿಮಾನಗಳು ಎರಡನೆಯದರಿಂದ. ಒಂದೇ ರಸೀದಿಯಲ್ಲಿ 2,000 ಕೊರುನಾ ಮೀರಿದ ಖರೀದಿಗೆ ತೆರಿಗೆ ವಾಪಸು ಕೇಳಬಹುದು. ಅಂಗಡಿಯಲ್ಲೇ ಫಾರಂ ಪಡೆದು, ಸಾಮಾನಿರುವ ಪೆಟ್ಟಿಗೆಯನ್ನು ವಿಮಾನಕ್ಕೆ ಕಳಿಸುವ ಮುಂಚೆ ಕಸ್ಟಮ್ಸ್ ಮುದ್ರೆ ಹಾಕಿಸಬೇಕು, ಅದಕ್ಕಾಗಿ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹೊರಡಿ. ಉಳಿದ ನಾಣ್ಯಗಳನ್ನು ನಮ್ಮಲ್ಲಿ ಯಾರೂ ಬದಲಿಸಿಕೊಡುವುದಿಲ್ಲ, ನಿಲ್ದಾಣದಲ್ಲೇ ಕಾಫಿಗೆ ಖರ್ಚುಮಾಡಿ.